ಮಾತಾಡಬಾರದ ಮನೆಯ ಮೇಜು

ನಾನು ಒಂದು ಮೇಜು, ಸಾಗವಾನಿ ಮರದ್ದು. ಮರದ ಹೆಸರನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈಗಿನ ನನ್ನ ಅವಸ್ಥೆ ನೋಡಿದವರು ಯಾವುದೋ ಕಾಡುಕಟ್ಟಿಗೆ ಎಂದುಕೊಂಡು ಮುಂದೆ ಹೋಗುತ್ತಾರೆ. ನನ್ನನ್ನು ಮಾಡಿದವರು ಧಾರವಾಡದ ಮೌನೇಶ ಬಡಿಗೇರ. ಕೀಸುಳಿ ಹಿಡಿದು ನನ್ನ ಮೈ ಉಜ್ಜುವಾಗ ನಡುನಡುವೆ ನಿಲ್ಲಿಸಿ, ಕಣ್ಣು ಮುಚ್ಚಿ, ಎಲ್ಲಿ ಒರಟು ಉಳಿದಿದೆ ಎಂದು ಅಂಗೈಯಿಂದ ನೋಡುತ್ತಿದ್ದರು. ನನಗೆ ಮನುಷ್ಯರ ಪರಿಚಯವಾದದ್ದು ಹಾಗೆ, ಕೈಯಿಂದ. ಆಮೇಲೆ ಬಂದವರನ್ನೂ ನಾನು ಕೈಯಿಂದ, ಮೊಣಕೈಯಿಂದ, ಕೆಳಗೆ ಚಾಚಿದ ಕಾಲಿನಿಂದ ಗುರುತಿಸಿದೆನೇ ಹೊರತು ಮುಖದಿಂದಲ್ಲ.

ಮೊದಲು ಇದ್ದದ್ದು ಫಕೀರಪ್ಪ ಸಿಂಪಿಗೇರ ಎಂಬ ದರ್ಜಿಯ ಅಂಗಡಿಯಲ್ಲಿ. ನಿಂತು ಬಟ್ಟೆ ಕತ್ತರಿಸಲು ಬೇಕೆಂದು ನನ್ನನ್ನು ಎತ್ತರವಾಗಿ ಮಾಡಿಸಿದ್ದರು. ಫಕೀರಪ್ಪನವರ ಕತ್ತರಿಗಿಂತ ಬಾಯಿ ಚುರುಕು. ಅಂಗಿ ಹೊಲಿಸಲು ಬಂದವನ ಎದೆಯ ಅಳತೆ ತೆಗೆದುಕೊಳ್ಳುತ್ತಲೇ ಅವನ ಮನೆಯ ಜಗಳ, ಮಗಳ ಮದುವೆ, ಎಮ್ಮೆಯ ಹಾಲು ಎಲ್ಲವನ್ನೂ ಕೇಳಿ ಮುಗಿಸುತ್ತಿದ್ದರು. ಆ ಗದ್ದಲದಲ್ಲಿ ನಾನು ಸುಖವಾಗಿ ಬೆಳೆದೆ. ಸಿದ್ಧ ಉಡುಪಿನ ಕಾಲ ಬಂದು ಅಂಗಡಿ ಮುಚ್ಚಿದಾಗ ನನ್ನನ್ನು ಗಾಡಿಗೆ ಹೇರಿ ಹಳಿಯಾಳದ ರಸ್ತೆಯ ಒಂದು ಹಳೆಯ ಬಂಗಲೆಗೆ ಕಳಿಸಿದರು.

ಆ ಬಂಗಲೆಯಲ್ಲಿ ಮಾತಾಡಬಾರದು. ವರ್ಷಕ್ಕೊಮ್ಮೆ, ಚಳಿಗಾಲದಲ್ಲಿ, ಅಲ್ಲಿ ಬರವಣಿಗೆ ಶಿಬಿರ ನಡೆಯುತ್ತಿತ್ತು. ಪಿಎಚ್.ಡಿ. ಪ್ರಬಂಧ ಮುಗಿಯದವರು, ಪುಸ್ತಕ ಅರ್ಧಕ್ಕೆ ನಿಂತವರು, ಪಾಠ ಮಾಡಿ ಮಾಡಿ ಬರೆಯುವುದನ್ನೇ ಮರೆತ ಪ್ರಾಧ್ಯಾಪಕರು ಮನೆಮಠ ಬಿಟ್ಟು ಇಲ್ಲಿಗೆ ಬಂದು ಬರೆಯುತ್ತಿದ್ದರು. ನಡೆಸುತ್ತಿದ್ದವರು ಗಿರಿಜಾ ಅಂಗಡಿ ಎಂಬ ಮೇಡಂ. ಬೆಳಗಿನ ಗಂಟೆ ಬಾರಿಸಿದರೆ ಊಟದ ಗಂಟೆಯವರೆಗೆ ಯಾರೂ ಬಾಯಿ ಬಿಡುವಂತಿಲ್ಲ. "ಮಾತಿಗೆ ನಿಮ್ಮ ನಿಮ್ಮ ಮನ್ಯಾಗ ಜಾಗಾ ಐತಿ. ಇಲ್ಲಿ ಬರೀರಿ. ಬರಿಯೋರನ್ನ ಯಾರೂ ಮಾತಾಡಿಸಬ್ಯಾಡ್ರಿ, ಅವರು ಗ್ವಾಡಿ ನೋಡಿಕೋತ ಕುಂತಿದ್ರೂ ಮಾತಾಡಿಸಬ್ಯಾಡ್ರಿ" ಎಂದು ಮೊದಲ ದಿನವೇ ಹೇಳುತ್ತಿದ್ದರು. ನಿಯಮ ಒಳ್ಳೆಯದೇ. ಎಷ್ಟೋ ಜನರ ಕೆಲಸ ಅದರಿಂದಲೇ ಆಯಿತು.

ಕುಳಿತು ಬರೆಯಲೆಂದು ನನ್ನ ಕಾಲುಗಳನ್ನು ಕತ್ತರಿಸಿ ಗಿಡ್ಡ ಮಾಡಿದರು. ಕತ್ತರಿಸಿದವನ ಅಳತೆ ತಪ್ಪಿ ಒಂದು ಕಾಲು ಕೊಂಚ ಮೋಟಾಯಿತು. ಅದರ ಕೆಳಗೆ ಒಂದು ರಟ್ಟಿನ ಚೂರು ಇಟ್ಟರೆ ನಾನು ಕಲ್ಲಿನಂತೆ ನಿಲ್ಲುತ್ತೇನೆ. ಆದರೂ ಬರವಣಿಗೆ ಸಾಗದವರೆಲ್ಲ "ಈ ಮೇಜು ಅಲುಗಾಡುತ್ತದೆ" ಎಂದು ಮೇಡಂಗೆ ದೂರು ಕೊಡುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ವಿದ್ವಾಂಸರು ಬರೆಯುವ ಮೊದಲು ಮಾಡುವ ಕೆಲಸಗಳನ್ನು ನೋಡಬೇಕು: ನನ್ನ ಮೈ ಒರೆಸುತ್ತಾರೆ, ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸುತ್ತಾರೆ, ಅಡಿಟಿಪ್ಪಣಿಗಳ ಅಕ್ಷರ ದೊಡ್ಡದು ಚಿಕ್ಕದು ಮಾಡುತ್ತಾರೆ. ನಾನು ಒಳಗೇ ನಗುತ್ತಿದ್ದೆ. ಆದರೆ ಕೆಳಗೆ ಅವರ ಪಾದಗಳು ಒಂದನ್ನೊಂದು ಒತ್ತಿ ಹಿಡಿದುಕೊಂಡಿರುವುದನ್ನು ನೋಡಿದಾಗ ಪಾಪ ಅನ್ನಿಸುತ್ತಿತ್ತು. ಮೇಲೆ ಡಾಕ್ಟರು, ಕೆಳಗೆ ಪರೀಕ್ಷೆಗೆ ಕೂತ ಮಕ್ಕಳು.

ಒಂದು ವರ್ಷ ನನ್ನ ಪಾಲಿಗೆ ಕೋರಿ ಸರ್ ಬಂದರು. ಪೂರ್ಣ ಹೆಸರು ಚನ್ನಮಲ್ಲಪ್ಪ ಕೋರಿ. ಇತಿಹಾಸ ಕಲಿಸಿ ನಿವೃತ್ತರಾದವರು. ಹತ್ತಾರು ಜನರ ಪ್ರಬಂಧ ತಿದ್ದಿ ಅವರನ್ನು ಡಾಕ್ಟರು ಮಾಡಿದ್ದರು. ತಮ್ಮದೊಂದು ಪುಸ್ತಕ ಮಾತ್ರ ಬರೆದಿರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ. ಅವರು ಬರೆಯಬೇಕೆಂದಿದ್ದದ್ದು ಹಗೇವುಗಳ ಬಗ್ಗೆ. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಊರೂರು ತಿರುಗಿ, ಮುಚ್ಚಿಹೋದ ಹಗೇವುಗಳನ್ನು ಹುಡುಕಿ, ಅವನ್ನು ಕಣ್ಣಾರೆ ಕಂಡವರ ಮಾತು ಕೇಳಿ ಬಂದಿದ್ದರು. ಎಲ್ಲ ಅಧ್ಯಾಯಗಳೂ ಮುಗಿದು ಕೊನೆಯದು ಮಾತ್ರ ಉಳಿದಿತ್ತು.

ಎದುರಿಗೆ, ನನ್ನ ಇನ್ನೊಂದು ಬದಿಯಲ್ಲಿ, ಅವರ ಕೊನೆಯ ವಿದ್ಯಾರ್ಥಿನಿ ಮಹಾದೇವಿ ತಳವಾರ ಕುಳಿತಿದ್ದಳು. ಅವಳ ಪ್ರಬಂಧಕ್ಕೂ ಗಡುವು ಹತ್ತಿರವಿತ್ತು. ಮಧ್ಯಾಹ್ನ ಗಂಟೆಯಾದ ಕೂಡಲೇ ಕೋರಿ ಸರ್ ಅವಳ ಹಾಳೆಗಳನ್ನು ಎಳೆದುಕೊಳ್ಳುತ್ತಿದ್ದರು.

"ಸರ್, ನೀವು ನಿಮ್ಮದು ಬರ್ಕೋರಿ. ನಂದು ಆಮ್ಯಾಲೆ ನೋಡ್ರಿ" ಎಂದಳು ಅವಳು ಒಂದು ದಿನ.

"ನಂದು ಎಲ್ಲಿ ಓಡಿ ಹೋಗತೈತವಾ?" ಎಂದು ನಕ್ಕರು. ಮತ್ತೆ ನಗು ನಿಲ್ಲಿಸಿ, "ಆದ್ರ ಒಂದ್ ಮಾತು ಖರೆ, ಮಾದೇವಿ. ಈ ಸಲ ಮುಗೀಲಿಲ್ಲಂದ್ರ ಮುಗೀತು. ಹಗೇವು ಕಂಡ ಮಂದಿ ಒಬ್ಬೊಬ್ಬರ ಹೊಂಟಾರ. ನಾನೂ ಹೋದ್ರ ಅದು ಯಾರಿಗೂ ಗೊತ್ತಾಗೂದಿಲ್ಲ" ಎಂದರು. ಹೇಳುವಾಗ ಅವರ ಅಂಗೈ ನನ್ನ ಮೇಲೆ ಒತ್ತಿಕೊಂಡಿತ್ತು.

ಮರುದಿನ ಬೆಳಿಗ್ಗೆ ಅವರು ಕೊನೆಯ ಅಧ್ಯಾಯ ಶುರು ಮಾಡಿದರು. ಕೋರಿ ಸರ್ ಒತ್ತಿ ಬರೆಯುವವರು, ಪ್ರತಿ ಅಕ್ಷರವೂ ಹಾಳೆ ದಾಟಿ ನನಗೆ ತಾಗುತ್ತಿತ್ತು. ಬರೆದರು: ಬಹಳ ದಿನ ಮುಚ್ಚಿಟ್ಟ ಹಗೇವಿನಲ್ಲಿ ಗಾಳಿ ಕೆಟ್ಟಿರುತ್ತದೆ. ಇಳಿದವನಿಗೆ ತನಗೆ ಏನಾಗುತ್ತಿದೆ ಎಂಬುದೇ ತಿಳಿಯುವುದಿಲ್ಲ. ಆದ್ದರಿಂದ ನಮ್ಮೂರಲ್ಲಿ ಮೇಲೆ ನಿಂತವರು ಅವನ ಹೆಸರು ಹಿಡಿದು ಕೂಗುತ್ತಲೇ ಇರುತ್ತಿದ್ದರು. ಅವನು ಒಳಗಿನಿಂದ ಓ ಅನ್ನಬೇಕು. ಓ ಬರದಿದ್ದರೆ

ಅಲ್ಲಿಗೆ ಪೆನ್ನು ನಿಂತಿತು. ಬೆರಳು ಸಡಿಲವಾಯಿತು. ಬಲಗೈ ಒಂದು ಬದಿಗೆ ಜಾರಿತು, ಹಣೆ ನಿಧಾನವಾಗಿ ಬಂದು ನನ್ನ ಮೇಲೆ ಒರಗಿತು. ಅವರ ಬಲಗೈಯ ತೂಕ ಎಡಗೈಯ ತೂಕದಂತಿರಲಿಲ್ಲ. ಅದು ನನಗೆ ತಿಳಿಯಿತು. ಮೇಜಿಗೆ ತಿಳಿದು ಏನು ಪ್ರಯೋಜನ?

ಮಹಾದೇವಿ ತಲೆಯೆತ್ತಿ ನೋಡಿದಳು. ಸರ್ ಯೋಚನೆ ಮಾಡುವಾಗ ಹೀಗೆ ಮೇಜಿಗೆ ತಲೆ ಆನಿಸಿ ಕೂರುವುದು ಅವಳಿಗೆ ಗೊತ್ತಿತ್ತು. ಕೊನೆಯ ಅಧ್ಯಾಯ ಇಷ್ಟು ವರ್ಷಗಳ ಮೇಲೆ ಈಗ ಹೊಳೆಯುತ್ತಿದೆ, ಅದನ್ನು ತಾನು ಕೆಡಿಸಬಾರದು ಎಂದುಕೊಂಡಳು. ಸದ್ದಾಗಬಾರದೆಂದು ಕೈಯ ಗಾಜಿನ ಬಳೆಗಳನ್ನು ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು. ನೀರು ಕುಡಿಯಲು ಎದ್ದವರು ತುದಿಗಾಲಲ್ಲಿ ದಾಟಿ ಹೋದರು. ಗಿರಿಜಾ ಮೇಡಂ ಬಾಗಿಲಿಗೆ ಬಂದು ನಿಂತರು. ಕೋರಿ ಸರ್ ಮೇಲೆ ಬಿಸಿಲು ಬೀಳುತ್ತಿದೆ ಎಂದು ಕಿಟಕಿಯ ಪರದೆಯನ್ನು ಮೆಲ್ಲಗೆ ಎಳೆದು ಹೋದರು. ಅಷ್ಟು ಗೌರವ, ಅಷ್ಟು ಪ್ರೀತಿ ಆ ಕೋಣೆಯಲ್ಲಿ ಇತ್ತು. ಫಕೀರಪ್ಪನವರ ಅಂಗಡಿಯಲ್ಲಾಗಿದ್ದರೆ ಯಾವನೋ ಒಬ್ಬ ಬೆನ್ನ ಮೇಲೆ ಗುದ್ದಿ "ಯಾಕೋ?" ಎಂದಿರುತ್ತಿದ್ದ.

ಮಹಾದೇವಿ ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಮುಚ್ಚಿಕೊಂಡಳು.

ಊಟದ ಗಂಟೆ ಹೊಡೆದ ಮೇಲೆ ಅವಳು, "ಸರ್, ಏಳ್ರಿ" ಎಂದಳು. ಆಮೇಲೆ ಕಿರುಚಿದಳು. ಆ ಮನೆ ಅಂಥ ದನಿ ಕೇಳಿರಲಿಲ್ಲ. ಧಾರವಾಡದ ಆಸ್ಪತ್ರೆಯಲ್ಲಿ ಲಕ್ವಾ ಎಂದರಂತೆ. ಇನ್ನೂ ಮೊದಲೇ ತಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದೂ ಹೇಳಿದರಂತೆ. ಆ ಮಾತನ್ನು ಗಿರಿಜಾ ಮೇಡಂ ನನ್ನ ಮೇಲೆ ಮೊಣಕೈ ಊರಿ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು, ಹೇಳಲಾಗದೆ ನಡುವೆಯೇ ನಿಲ್ಲಿಸಿದರು.

ಮುಂದಿನ ಚಳಿಗಾಲಕ್ಕೆ ಕೋರಿ ಸರ್ ಗಾಲಿಕುರ್ಚಿಯಲ್ಲಿ ಬಂದರು. ಬಲಗೈ ಸತ್ತಿತ್ತು. ನಾಲಿಗೆಗೆ ಉಳಿದಿದ್ದದ್ದು ಒಂದೇ ಒಂದು ಸ್ವರ, ಓ. ಬೇರೆಯವರಿಗೆ ತೊಂದರೆಯಾಗದಿರಲಿ ಎಂದು ನನ್ನನ್ನು ಹಿತ್ತಿಲ ಪಡಸಾಲೆಗೆ ಹಾಕಿದರು. ಮಹಾದೇವಿ ಎದುರಿಗೆ ಕುಳಿತು, ಅವರು ಕೂಡಿಸಿಟ್ಟ ಟಿಪ್ಪಣಿಗಳಿಂದ ಒಂದೊಂದೇ ವಾಕ್ಯ ಕಟ್ಟಿ ಓದುತ್ತಿದ್ದಳು. ಸರಿಯಾಗಿದ್ದರೆ ಓ ಅನ್ನುತ್ತಿದ್ದರು. ತಪ್ಪಿದ್ದರೆ ಸುಮ್ಮನಿರುತ್ತಿದ್ದರು. ಅವಳು ಅಳಿಸಿ ಮತ್ತೆ ಬರೆಯುತ್ತಿದ್ದಳು. ಗುರು ಶಿಷ್ಯೆಯನ್ನು ತಿದ್ದುವ ಕೆಲಸ ಹಾಗೂ ನಿಲ್ಲಲಿಲ್ಲ.

ಆ ಅರ್ಧ ವಾಕ್ಯವನ್ನು ಮಾತ್ರ ಅವಳು ದಿನವೂ ಮುಂದಕ್ಕೆ ಹಾಕುತ್ತಿದ್ದಳು. ಉಳಿದದ್ದೆಲ್ಲ ಮುಗಿದು ಅದೊಂದೇ ಉಳಿದಾಗ ಓದಿದಳು: "ಓ ಬರದಿದ್ದರೆ, ಕೂಡಲೇ ಹಗ್ಗ ಜಗ್ಗಿ ಅವನನ್ನು ಮೇಲೆತ್ತುತ್ತಿದ್ದರು. ಹಿಂಗ ಬರೀಲೇನ್ರಿ?"

ಕೋರಿ ಸರ್ ಸುಮ್ಮನಿದ್ದರು.

"ದೀಪಾ ಇಳಿಸಿ ನೋಡತಿದ್ರು?"

ಸುಮ್ಮನಿದ್ದರು.

ಅವಳ ಕೈ ನನ್ನ ಅಂಚನ್ನು ಗಟ್ಟಿಯಾಗಿ ಹಿಡಿಯಿತು. "ಸರ್, ಅವತ್ತ ನಾ ನಿಮ್ಮನ್ನ ಕರೀಲಿಲ್ಲರಿ. ಕರೀಬೇಕು ಅನಿಸಿತ್ತು. ಆದ್ರೂ ಕರೀಲಿಲ್ಲ. ನೀವು ಬರೀಲಿಕ್ಕತ್ತೀರಿ ಅಂತ ತಿಳಕೊಂಡೆ. ನಿಮ್ಮ ಮಾತು ನಾನ ಕಳದೆ ಸರ್." ಅವಳ ಕಣ್ಣೀರು ನನ್ನ ಮೇಲೆ ಬಿತ್ತು.

ಅವರ ಎಡಗೈ ನನ್ನ ಮೇಲೆ ತಡವರಿಸುತ್ತ ಹೋಗಿ ಅವಳ ಕೈಯನ್ನು ತಟ್ಟಿತು. ಮತ್ತೆ ತಟ್ಟಿತು. ಅವಳಿಗೆ ಅರ್ಥವಾಗಲಿಲ್ಲ. ಅವರು ಇನ್ನೊಮ್ಮೆ ತಟ್ಟಿ, ಬೆರಳಿಂದ ಆ ಅರ್ಧ ವಾಕ್ಯವನ್ನು ತೋರಿಸಿದರು.

"ಮತ್ತ ಕೂಗತಿದ್ರು?" ಎಂದಳು ಅವಳು, ಮೆಲ್ಲಗೆ. "ಓ ಬರದಿದ್ರ, ಮತ್ತೊಮ್ಮೆ ಕೂಗತಿದ್ರು?"

"ಓ" ಎಂದರು ಕೋರಿ ಸರ್.

ಅವಳು ಬರೆದಳು. ಆಮೇಲೆ, ಬರೆಯಲು ಏನೂ ಉಳಿದಿರದಿದ್ದರೂ, "ಸರ್" ಎಂದು ಕರೆದಳು. ಅವರು ಓ ಎಂದರು. ಮತ್ತೆ ಕರೆದಳು. ಮತ್ತೆ ಓ ಎಂದರು. ಎಷ್ಟು ಹೊತ್ತು ಹಾಗೆ ನಡೆಯಿತೋ ನಾನು ಎಣಿಸಲಿಲ್ಲ.

ಪುಸ್ತಕ ಅಚ್ಚಾಗಿ ಬಂದಿತಂತೆ. ಅದನ್ನು ಕೈಯಲ್ಲಿ ಹಿಡಿದ ಮೇಲೆಯೇ ಕೋರಿ ಸರ್ ಹೋದರಂತೆ. ನಾನು ಆ ಪುಸ್ತಕ ನೋಡಿಲ್ಲ. ಮುಗಿದ ಪುಸ್ತಕಗಳು ಮೇಜಿನ ಬಳಿಗೆ ಮರಳಿ ಬರುವುದಿಲ್ಲ, ಕಪಾಟಿಗೆ ಹೋಗುತ್ತವೆ. ನಮ್ಮ ಪಾಲಿಗೆ ಬರುವುದು ಮುಗಿಯದ್ದು ಮಾತ್ರ. ಅದಕ್ಕೆ ನನಗೇನೂ ಬೇಸರವಿಲ್ಲ.

ಈಗ ಗೆದ್ದಲು ನನ್ನ ಮೋಟುಕಾಲನ್ನು ತಿಂದಿದೆ. ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಈರುಳ್ಳಿ ಚೀಲ, ಎಣ್ಣೆ ಡಬ್ಬಿ ಹೊತ್ತು ಗೋಡೆಗೆ ಒರಗಿದ್ದೇನೆ. ಗಿರಿಜಾ ಮೇಡಂ ವಯಸ್ಸಾಯಿತೆಂದು ಶಿಬಿರವನ್ನು ಮಹಾದೇವಿಗೆ ಒಪ್ಪಿಸಿದ್ದಾರೆ. ನಿಯಮವನ್ನು ಅವಳು ಉಳಿಸಿಕೊಂಡಿದ್ದಾಳೆ, ಒಂದೇ ಒಂದು ಬದಲಾವಣೆಯೊಂದಿಗೆ. ಮೌನದ ಹೊತ್ತಿನಲ್ಲೂ ಆಗಾಗ ಮೇಜುಗಳ ನಡುವೆ ನಡೆದು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಾಳೆ. ಬರೆಯುವವರಿಗೆ ಇದು ಬಹಳ ಸಿಟ್ಟು. ನಿನ್ನೆಯೂ ಒಬ್ಬರು, "ಏನ್ ಮೇಡಂ, ಈಗಷ್ಟ ಒಂದ್ ವಾಕ್ಯ ಹೊಳದಿತ್ತು, ಹೋತ್ ನೋಡ್ರಿ!" ಎಂದು ಕೂಗಾಡಿದರು.

"ಹೋಗಲಿ ಬಿಡ್ರಿ" ಎಂದಳು ಮಹಾದೇವಿ. "ನೀವು ಅದೀರಲ್ಲ."