ಮುಂದಕ್ಕೆ ತಿರುಗುವ ಪರದೆ

ನಮ್ಮ ಮನೆಯ ಆಲ್ಬಮ್ ತಿರುವಿದರೆ ಆರು ವರ್ಷದಿಂದೀಚೆ ನಾನು ಎಲ್ಲೂ ಸಿಗುವುದಿಲ್ಲ. ಗಂಡ ತೀರಿಹೋದ ಮೇಲೆ ಫೋಟೋ ತೆಗೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. "ರೂಪಾ ಭಾಳ ಛಲೋ ತೆಗಿತಾಳ" ಎಂದು ಹೊಗಳಿ ಹೊಗಳಿಯೇ ನನ್ನನ್ನು ಫೋಟೋದಿಂದ ಹೊರಗಿಟ್ಟರು. ನಾನೇನು ದಡ್ಡಿಯಲ್ಲ, ಕಾರಣ ಗೊತ್ತಿತ್ತು.

ಅದಕ್ಕೇ ಈ ಸಲ ಹೊಸ ಕ್ಯಾಮೆರಾ ಕೊಳ್ಳುವಾಗ ಕೊಪ್ಪಳದ ಅಂಗಡಿಯವನ ತಲೆ ತಿಂದೆ. ಅವನು ಮೆಗಾಪಿಕ್ಸೆಲ್, ಜೂಮ್ ಎಂದು ಒದರುತ್ತಲೇ ಇದ್ದ. ನನ್ನ ಹಟ ಒಂದೇ: ಕೈಚೀಲದಲ್ಲಿ ಹಿಡಿಯುವಂಥದ್ದಾಗಿರಬೇಕು, ಹಿಂದಿನ ಪರದೆ ಮುಂದಕ್ಕೆ ತಿರುಗಬೇಕು. ತೆಗೆಯುವವಳೂ ಅದರಲ್ಲಿ ಕಾಣಬೇಕು.

ಮೈದುನ ಯಂಕೇಶನ ಮದುವೆಯಾಗಿ ಹದಿನೈದು ದಿನಕ್ಕೆ ನಮ್ಮೂರು ಬೇವೂರಿನಿಂದ ಮುನಿರಾಬಾದಿನ ಡ್ಯಾಮು ನೋಡಲು ಹೋದೆವು. ಗಾರ್ಡನ್ನಿನ ಮೆಟ್ಟಿಲ ಮೇಲೆ ಯಂಕೇಶ, ಅವನ ಹೆಂಡತಿ ರಂಜಿತಾ ನಿಂತರು. ಅತ್ತೆ ಮಾರೆವ್ವ ಯಾರೂ ಹೇಳದೆಯೇ ದೂರ ಸರಿದು ಬುತ್ತಿಗಂಟಿನ ಪಕ್ಕ ಕೂತರು.

"ವೈನಿ, ತೆಗೀರಿ" ಎಂದ ಯಂಕೇಶ.

ನಾನು ಹೋಗಿ ಅವರಿಬ್ಬರ ಮುಂದಿನ ಮೆಟ್ಟಿಲ ಮೇಲೆ ನಿಂತೆ. ಪರದೆ ತಿರುಗಿಸಿ ಕೈ ಚಾಚಿದೆ. ಮೂರು ಮುಖ ಕಂಡವು, ಮೂರಕ್ಕೂ ಕ್ಯಾಮೆರಾ ಒಂದೊಂದು ಚೌಕ ಹಾಕಿತು. ಯಾರು ಮುತ್ತೈದೆ, ಯಾರು ಅಲ್ಲ ಎಂದು ಅದು ಕೇಳುವುದಿಲ್ಲ.

"ಏ ರೂಪಾ, ಈ ಕಡೆ ಬಾ!" ಅತ್ತೆ ಕೂಗಿದರು. "ಹೊಸಾ ಜೋಡಿ ಐತಿ. ನಮ್ಮಂಥಾರು ಬಾಜೂಕ ನಿಲ್ಲಬಾರ್ದು."

ಮೈಯೆಲ್ಲ ಉರಿಯಿತು. "ನಿಲ್ಲಾಕೀನ ನಾನು. ನಾ ಇಲ್ಲದ ಫೋಟೋ ಬೇಕಂದ್ರ ಬ್ಯಾರೆ ಕ್ಯಾಮೆರಾ ತರ್ರಿ!"

ಯಂಕೇಶ ನೆಲ ನೋಡಿದ. ರಂಜಿತಾ ಮಾತ್ರ ಪರದೆಯಲ್ಲಿ ನೋಡಿಕೊಂಡು ಕೂದಲು ಸರಿಮಾಡಿಕೊಂಡಳು. "ಲಗೂನ ತೆಗೀರಿ ಅಕ್ಕಾ, ಬಿಸಲು ಭಾಳ ಐತಿ."

ಅಷ್ಟರಲ್ಲಿ ಅತ್ತೆ ದುಡುದುಡು ಬಂದು, ನನ್ನನ್ನು ಎಳೆದು ಹಾಕಲು ರಟ್ಟೆ ಹಿಡಿದರು. ಪರದೆಯಲ್ಲಿ ನಾಲ್ಕನೆಯ ಚೌಕ ಮೂಡಿತು. ಅವರ ಕೈ ಹಾಗೇ ನಿಂತಿತು. ಮಾವ ಸತ್ತು ಇಪ್ಪತ್ತೆರಡು ವರ್ಷ. ಆಮೇಲೆ ಅವರದೊಂದು ಫೋಟೋ ಇದ್ದರೆ ಅದು ರೇಷನ್ ಕಾರ್ಡಿನಲ್ಲಿದ್ದದ್ದು.

"ಇದು ನಾನೇನ?" ಎಂದರು, ಸಣ್ಣ ದನಿಯಲ್ಲಿ.

"ನೀವೇರಿ. ಈಗ ನೀವು ಸರೀತೀರೋ, ನಾ ಸರೀಲೋ?"

ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡರು. ನನ್ನ ರಟ್ಟೆ ಬಿಡಲಿಲ್ಲ.

"ಇಪ್ಪತ್ತೆರಡು ವರ್ಷ ಸರಿದು ಕುಂತಿದ್ದು ಸಾಕು. ತೆಗಿ."