ಮನೆ ಮನೆ ಸುತ್ತದೆ ಆಡಿದ ಮಾತು

ಟೊಯಾಮಾದ ಆ ಲಿಫ್ಟ್ ಕಂಪನಿಯಲ್ಲಿ ಆಡಳಿತ ಮಂಡಳಿಯ ಸಭೆ ಇಪ್ಪತ್ತು ನಿಮಿಷ ಮೀರುತ್ತಿರಲಿಲ್ಲ. ಅಧ್ಯಕ್ಷರಾದವರು ಒಂದು ವಾರ ಮುಂಚೆಯೇ ಏಳೂ ನಿರ್ದೇಶಕರ ಮನೆಗೆ ಹೋಗಿ, ಚಹಾ ಕುಡಿದು, ಒಪ್ಪಿಗೆ ಪಡೆದಿರಬೇಕು. ಸಭೆಯಲ್ಲಿ ಯಾರ ಕಿವಿಗೂ ಹೊಸ ಮಾತು ಬೀಳಬಾರದು, ಬಿದ್ದರೆ ಅವಮಾನ.

ಅಧ್ಯಕ್ಷೆ ಕಿರ್ಯೂ ಸವಾಕೊ ಈ ಸಲವೂ ಸುತ್ತಿದ್ದಳು. ಹೊಸ ಬ್ರೇಕನ್ನು ಮಾರುಕಟ್ಟೆಗೆ ಬಿಡಲು ಏಳೂ ಜನ ತಲೆಯಾಡಿಸಿದ್ದರು. ಸಭೆಯ ದಿನ ಬೆಳಿಗ್ಗೆ ಕಾರ್ಖಾನೆಯ ಮುಖ್ಯಸ್ಥ ಮಿನೆಗಿಶಿ ಏದುಸಿರು ಬಿಡುತ್ತ ಬಂದ. ಪರೀಕ್ಷೆಯಲ್ಲಿ ಬ್ರೇಕು ಜಾರಿತ್ತು.

“ಎಷ್ಟು?”

“ಒಂದು ಗೇಣು. ಇವತ್ತು ಸುಮ್ನಿದ್ಬಿಡಿ, ಅಧ್ಯಕ್ಷರೇ. ಆಮೇಲೆ ಒಬ್ಬೊಬ್ಬರ ಹತ್ರ ಹೋಗಿ ಮೆತ್ತಗೆ ಹೇಳಿದ್ರಾಯ್ತು.”

“ಜಾರೋ ಬ್ರೇಕಿಗೆ ಒಪ್ಪಿಗೆ ತಗೊಂಡು?”

“ಎಲ್ಲರೆದುರು ಹೇಳಿದ್ರೆ ಹಿರಿಯ ನಿರ್ದೇಶಕರು ಹತಕೆಯಾಮಾ-ಸಾನ್ ನಿಮ್ಮನ್ನ ಇವತ್ತೇ ಇಳಿಸ್ತಾರೆ!”

“ಇಳಿಸ್ಲಿ. ನಮ್ಮ ಲಿಫ್ಟಲ್ಲಿ ಇಳಿಯೋದಕ್ಕಿಂತ ಅದೇ ವಾಸಿ.”

ಮಿನೆಗಿಶಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

ಸಭೆಯಲ್ಲಿ ಅವಳು ಎದ್ದು ನಿಂತು, ಆದದ್ದನ್ನು ನಾಲ್ಕೇ ಮಾತಿನಲ್ಲಿ ಹೇಳಿದಳು. ಮಂಡಳಿಯ ಹಿರಿಯ, ಎಪ್ಪತ್ತಾರರ ಹತಕೆಯಾಮಾ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಹೋದ ವಾರ ನಮ್ಮನೇಲಿ ಕೂತು ಎಲ್ಲಾ ಸರಿಯಿದೆ ಅಂದಿದ್ರಿ.”

“ಅವತ್ತು ಸರಿಯಿತ್ತು. ಇವತ್ತು ಇಲ್ಲ.”

“ನಾವು ಏಳು ಜನ ಹೂಂ ಅಂದಾಗಿದೆಯಲ್ಲ?”

“ಅದನ್ನ ವಾಪಸ್ ಕೇಳೋಕೇ ನಿಂತಿದೀನಿ.”

“ಯಾಕೆ ಜಾರಿತು?”

“ಗೊತ್ತಿಲ್ಲ.”

ಮೇಜಿನ ತುದಿಯಲ್ಲಿ ಒಬ್ಬರು ಕಿಸಕ್ಕನೆ ನಕ್ಕರು. “ಅಧ್ಯಕ್ಷರಿಗೇ ಗೊತ್ತಿಲ್ವಂತೆ!”

“ನಗಬೇಡ್ರಯ್ಯಾ,” ಎಂದರು ಹತಕೆಯಾಮಾ. “ಹನ್ನೊಂದು ವರ್ಷದಿಂದ ಇಲ್ಲಿ ಕೂತಿದೀನಿ. ಗೊತ್ತಿಲ್ಲ ಅಂದ ಅಧ್ಯಕ್ಷರನ್ನ ಇವತ್ತೇ ನೋಡ್ತಿರೋದು. ಹಿಂದಿನವರು ಗೊತ್ತು ಗೊತ್ತು ಅಂದಿದ್ರಲ್ಲಿ ನಿಜ ಎಷ್ಟಿತ್ತೋ!”

ಆಮೇಲೆ ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಕೆಲವು ಚುಚ್ಚಿದವು. ಒಬ್ಬರು ಕಡೆಯವರೆಗೂ ಮುಖ ಗಂಟಿಕ್ಕಿಯೇ ಇದ್ದರು. ಊಟದ ಡಬ್ಬಿಗಳನ್ನು ಒಳಗೇ ತರಿಸಬೇಕಾಯಿತು. ಸಭೆ ಶುರುವಾದ ಮೂರನೆಯ ಗಂಟೆಗೆ ಆರು ಕೈಗಳು ಮೇಲೆದ್ದವು: ಬ್ರೇಕು ಸದ್ಯಕ್ಕೆ ಮಾರುಕಟ್ಟೆಗಿಲ್ಲ.

“ಕಾದಿರೋ ಗಿರಾಕಿಗಳಿಗೆ ಪತ್ರ ಯಾರು ಬರೀತಾರೆ?” ಹತಕೆಯಾಮಾ ಕೇಳಿದರು.

“ನಾನೇ. ತಪ್ಪು ನಮ್ಮದು ಅಂತಾನೇ ಬರೀತೀನಿ.”

“ಬರೀರಿ.” ಮುದುಕರು ಕನ್ನಡಕ ಏರಿಸಿ, ಸಹಿಯ ಬದಲು ಒತ್ತುವ ತಮ್ಮ ಮೊಹರನ್ನು ಜೇಬಿನಿಂದ ತೆಗೆದರು. “ನಿಮ್ಮ ಹೆಸರಿನ ಕೆಳಗೆ ನನಗೂ ಒಂದಿಷ್ಟು ಜಾಗ ಬಿಡಿ.”