ಕಿತ್ತಳೆ ಬಣ್ಣದ ತಂತಿ

ಟಕ್ ಅಂದಿತು, ಆಮೇಲೆ ಏನೂ ಇಲ್ಲ — ಕೆಳಗೆ ನಡುಮನೆಯಲ್ಲಿ ಜಾನಿಸ್ ಮನೆಯ ಬಿಸಿ ಹೆಚ್ಚಿಸಲು ಥರ್ಮೋಸ್ಟಾಟ್ ತಿರುಗಿಸಿದ್ದಾಳೆ, ಅಡುಗೆಮನೆಯ ಬಾಯ್ಲರ್‌ಗೆ ಕೇಳಿಸಿಲ್ಲ, ಮಹಡಿಯ ಬೀರುವಿನ ಮುಂದೆ ಮೊಣಕಾಲೂರಿದ, ರಿಪೇರಿಗೆ ಬಂದ ಡೆರೆಕ್ ಹೋಲ್ರಾಯ್ಡ್ ತಂತಿಪೆಟ್ಟಿಗೆಯ ಮುಚ್ಚಳ ಬಿಚ್ಚಿದ, ಬಿಸಿನೀರಿನ ಟ್ಯಾಂಕಿನ ಪಕ್ಕ ಒಣಗಿದ ಟವೆಲ್ಲುಗಳ ವಾಸನೆ, ಅವನ ಅಮ್ಮನ ಬೀರುವಿಗೂ ಇದೇ ವಾಸನೆಯಿತ್ತು, ಟೆಸ್ಟರಿನ ಒಂದು ಮೊನೆ ಇಲ್ಲಿ, ಇನ್ನೊಂದು ಅಲ್ಲಿ, ಬಿಸಿನೀರು ಬಿಡುವ ವಾಲ್ವ್‌ಗೆ ಕರೆಂಟು ಬರುತ್ತಿದೆ, ವಾಲ್ವ್ ತೆರೆದಿದೆ, ತೆರೆದೆ ಎಂದು ಬಾಯ್ಲರ್‌ಗೆ ಹೇಳಬೇಕಾದ ಕಿತ್ತಳೆ ತಂತಿ ಮಾತ್ರ ಸತ್ತಿದೆ, ಮೇನ್ ಆರಿಸಿ ಮೆಲ್ಲಗೆ ಎಳೆದ, ಸಲೀಸಾಗಿ ಕೈಗೇ ಬಂತು — ಸ್ಕ್ರೂ ತಾಮ್ರವನ್ನು ಕಚ್ಚಿರಲೇ ಇಲ್ಲ, ಮೇಲಿನ ಪ್ಲಾಸ್ಟಿಕ್ಕನ್ನು ಕಚ್ಚಿತ್ತು, ತಾಗಿದರೆ ತಾಗಿತು, ಇಲ್ಲದಿದ್ದರೆ ಇಲ್ಲ — ಯಾವನೋ ಅಡ್ಡಕಸುಬಿ, ಎಂದುಕೊಂಡ, ಆಗ ಮುಚ್ಚಳದ ಒಳಗೆ ತನ್ನದೇ ಅಕ್ಷರ ಕಂಡಿತು, ಹೊಸ ವಾಲ್ವ್, ಅಕ್ಟೋಬರ್, ಡಿ.ಎಚ್. ಕಿವಿ ಬಿಸಿಯಾಯಿತು.

ಜನವರಿಯಿಂದ ಎರಡು ಸಲ ಬಂದಿದ್ದ, ಎರಡು ಸಲವೂ ಬೀರುವಿನ ಬಾಗಿಲನ್ನು ದಡಾರನೆ ಎಳೆದಿದ್ದ, ಆ ಅಲುಗಾಟಕ್ಕೇ ಬಾಯ್ಲರ್ ಹೊತ್ತಿಕೊಂಡಿತ್ತು, ಇವತ್ತು ಟವೆಲ್ಲು ಬಿದ್ದೀತೆಂದು ಮೆಲ್ಲಗೆ ತೆಗೆದ, ಅಷ್ಟೇ — ಎರಡನೇ ಸಲ ಮನೆಯೊಡತಿಯ ಮಗಳು ಜಾನಿಸ್ ಎದುರಿಗೇ ನಗುತ್ತ ಹೇಳಿದ್ದ, ಮಿಷನ್ನು ಗಟ್ಟಿಮುಟ್ಟಾಗಿದೆ ಕಣಮ್ಮ, ನಿಮ್ಮಮ್ಮನೇ ಥರ್ಮೋಸ್ಟಾಟ್ ತಗ್ಗಿಸಿ ಮರೆತುಬಿಡ್ತಾರೆ ಅನ್ಸುತ್ತೆ, ನಾನ್ ಮುಟ್ಟೇ ಇಲ್ಲಪ್ಪಾ ಅಂದಿದ್ದರು ಮಿಸೆಸ್ ಸಟ್‌ಕ್ಲಿಫ್, ಮೂವತ್ತು ವರ್ಷ ಹ್ಯಾಲಿಫ್ಯಾಕ್ಸಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವರು, ಟಕ್ ಅನ್ನುತ್ತೆ, ಆ ಕಡೆಯಿಂದ ಯಾರೂ ಎತ್ತಲ್ಲ, ಎಲ್ಲೋ ತಂತಿ ಸಡಿಲ ಆಗಿದೆ ನೋಡು — ಅದಕ್ಕಿವನು, ಅಜ್ಜಿ, ಇದು ನಿಮ್ ಕಾಲದ ಫೋನಲ್ಲ. ಥೂ. ಮುಟ್ಟಬೇಡಿ ಎಂದು ದಪ್ಪಕ್ಷರದಲ್ಲಿ ಚೀಟಿ ಬರೆದು ಥರ್ಮೋಸ್ಟಾಟಿನ ಪಕ್ಕದ ಗೋಡೆಗೆ ಅಂಟಿಸಿಯೂ ಹೋಗಿದ್ದ, ಅಂದಿನಿಂದ ಅಜ್ಜಿ ಮನೆಯೊಳಗೇ ಕೋಟು ಹಾಕಿಕೊಂಡು, ಅದರ ಮುಂದೆ ಹಾಯುವಾಗಲೆಲ್ಲ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ, ಇವತ್ತು ಇವನನ್ನು ಒಳಗೆ ಕರೆದಾಗಲೂ ಹಾಗೇ, ತನ್ನ ಕೈಯನ್ನೇ ನಂಬದವರ ಹಾಗೆ. ಗುರುವಾರ ಒಂದು ವೃದ್ಧಾಶ್ರಮ ನೋಡ್ಕೊಂಡು ಬರ್ತೀವಿ, ಎಂದು ಜಾನಿಸ್ ಆಗಲೇ ಮೆಟ್ಟಿಲ ಬುಡದಲ್ಲಿ ಪಿಸುಗುಟ್ಟಿದ್ದಳು, ನೀವ್ ಹೇಳಿದ್ಮೇಲೇ ನಂಗೂ ಗೊತ್ತಾಗಿದ್ದು, ಅಮ್ಮಂಗೆ ಮರೆವು ಶುರುವಾಗಿದೆ ಅಂತ.

ತಾಮ್ರ ಸುಲಿದ, ಸ್ಕ್ರೂ ಬಿಗಿದ, ಮೇನ್ ಹಾಕಿದ, ಕೆಳಗೆ ಬಾಯ್ಲರ್ ಗುಂಯ್ ಅಂದಿತು — ಯಾವುದೋ ಭಾಗ ಸವೆದಿತ್ತು ಅಂದರೆ ಮುಗಿಯಿತು, ಯಾರು ಬಂದು ಮುಚ್ಚಳ ಬಿಚ್ಚಿ ನೋಡುತ್ತಾರೆ, ಇಪ್ಪತ್ತಾರು ವರ್ಷದ ಹೆಸರು, ಈ ಬೀದಿಯಲ್ಲೇ ಒಂಬತ್ತು ಮನೆಯ ಕೆಲಸ ಇವನದು, ಮೆಟ್ಟಿಲಿಳಿಯುವಷ್ಟೂ ಹೊತ್ತು ಬಾಯಲ್ಲಿ ಆ ಸುಳ್ಳೇ ಹೊರಳುತ್ತಿತ್ತು, ಏನಾಗಿತ್ತಂತೆ ಎಂದಳು ಜಾನಿಸ್, ಅವಳ ಹಿಂದೆ ಕೋಟಿನ ಅಜ್ಜಿ, ತಪ್ಪು ನಂದು, ಎಂದ, ತನ್ನ ದನಿ ತನಗೇ ಅಸಹ್ಯವಾಯಿತು, ಅಕ್ಟೋಬರಲ್ಲಿ ನಾನೇ ತಂತಿ ಸರಿಯಾಗಿ ಕೂರಿಸಿರ್ಲಿಲ್ಲ, ನಿಮ್ಮಮ್ಮ ಅವತ್ತೇ ಹೇಳಿದ್ರು, ಅವರಿಗೆ ಮರೆವೂ ಇಲ್ಲ ಮಣ್ಣೂ ಇಲ್ಲ. ಜಾನಿಸ್ ತಾಯಿಯ ಮುಖ ನೋಡಲಾರದೆ ನೆಲ ನೋಡಿದಳು. ಡೆರೆಕ್ ಚೀಟಿ ಕಿತ್ತ, ಗೋಡೆಯ ಬಣ್ಣವೂ ಒಂದಿಷ್ಟು ಕಿತ್ತು ಬಂತು, ಇನ್ಮೇಲೆ ನೀವೇ ತಿರುಗಿಸಿ ಅಜ್ಜಿ, ಎಷ್ಟು ಬೇಕೋ ಅಷ್ಟು, ಎಂದ, ಚಹಾ ಕುಡ್ಕೊಂಡು ಹೋಗಪ್ಪಾ ಎಂದರು ಮಿಸೆಸ್ ಸಟ್‌ಕ್ಲಿಫ್, ಅಡುಗೆಮನೆಗೆ ಹೊರಟರು, ಥರ್ಮೋಸ್ಟಾಟಿನ ಮುಂದೆ ಬಂದರು, ಚೀಟಿಯಿಲ್ಲದ ಗೋಡೆ, ಆದರೂ ಎರಡೂ ಕೈ ಬೆನ್ನ ಹಿಂದೆ, ಒಂದು ಇನ್ನೊಂದರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು —